ಅಯೋವಾದಂಥ ಕೃಷಿ ರಾಜ್ಯದಲ್ಲಿ ತೆರವಾದ ಪ್ರತಿನಿಧಿ ಸಭೆ ಸ್ಥಾನದ ಚುನಾವಣೆಗೆ ಹೊಸ ಪೌರನೊಬ್ಬ ತಲೆ ಕೆಡಿಸಿಕೊಳ್ಳಬೇಕೇ?

ಸೀಡರ್ ರ‍್ಯಾಪಿಡ್ಸ್‌ನಲ್ಲಿದ್ದೀರಿ, ಅಮೆರಿಕದ ಪೌರತ್ವ ಈಗಷ್ಟೇ ಬಂದಿದೆ, ಪ್ರತಿನಿಧಿ ಸಭೆಯ ನಿಮ್ಮ ಹಾಲಿ ಸದಸ್ಯೆ, ರಿಪಬ್ಲಿಕನ್ ಪಕ್ಷದ ಆಶ್ಲಿ ಹಿನ್ಸನ್ ಸೆನೆಟ್‌ಗೆ ಸ್ಪರ್ಧಿಸಲು ಹೊರಟಿರುವುದರಿಂದ ನಿಮ್ಮ ಎರಡನೇ ಕ್ಷೇತ್ರ ತೆರವಾಗುತ್ತಿದೆ. ಮೆಕ್ಕೆಜೋಳದ ಈ ರಾಜ್ಯದಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುವಾಗ ಒಂದು ಮತದಿಂದ ಏನಾಗುತ್ತದೆ, ಹಾಕಲೇಬೇಕಾದರೆ ನವೆಂಬರ್‌ನಲ್ಲಿ ಅಂಚೆಗೆ ಹಾಕಿ ಸುಮ್ಮನಾದರೆ ಸಾಲದೇ ಎಂದು ಕೇಳಿದ್ದೀರಿ. 2020ರಲ್ಲಿ ನಾನು ಹೆಂಡತಿಗೆ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು.

ಆಗ ನಾವು ಅಯೋವಾ ಸಿಟಿಗೆ ಅಂಟಿಕೊಂಡಿರುವ ಕೋರಲ್‌ವಿಲ್‌ನಲ್ಲಿದ್ದೆವು. ಗಡಿಗಳು ಬದಲಾಗುವ ಮುಂಚಿನ ಅಂದಿನ ಎರಡನೇ ಕ್ಷೇತ್ರವೆಂದರೆ ರಾಜ್ಯದ ಆಗ್ನೇಯ ಮೂಲೆಯ 24 ಕೌಂಟಿಗಳು. 2006ರಲ್ಲಿ ಗೆದ್ದಿದ್ದ ಡೆಮಾಕ್ರಟ್ ಡೇವ್ ಲೋಬ್‌ಸ್ಯಾಕ್ ಅಲ್ಲಿಯವರೆಗೂ ಸೋತಿರಲಿಲ್ಲ. 2016ರಲ್ಲಿ ಅದೇ ಕ್ಷೇತ್ರ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನು ಆರಿಸಿತ್ತು, ಅದೇ ದಿನ ಲೋಬ್‌ಸ್ಯಾಕ್ ಅವರನ್ನೂ ಆರಿಸಿತ್ತು. ಇದು ಹೇಗೆ ಸಾಧ್ಯವೆಂದು ವಾಷಿಂಗ್ಟನ್ ಕೌಂಟಿಯಲ್ಲಿ ಸೋಯಾ ಬೆಳೆಯುತ್ತಿದ್ದ ಪರಿಚಯದ ರೈತರೊಬ್ಬರನ್ನು ಕೇಳಿದಾಗ, ಪಕ್ಷ ಬೇರೆಯಾದರೂ ಮನುಷ್ಯ ಪರಿಚಿತ, ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಕೈ ಕುಲುಕಿ ಹೋಗುತ್ತಾನೆ ಎಂದರು. 2019ರ ಏಪ್ರಿಲ್‌ನಲ್ಲಿ ಲೋಬ್‌ಸ್ಯಾಕ್ ನಿವೃತ್ತಿ ಘೋಷಿಸಿದಾಗ ಆ ರೈತರ ಮತವೂ ಅವರಂಥ ಸಾವಿರಾರು ಜನರ ಮತವೂ ಒಮ್ಮೆಲೇ ಯಾರದ್ದೂ ಅಲ್ಲದಂತಾದವು. ತೆರವಾದ ಸ್ಥಾನವೆಂದರೆ ಇದು. ನಾನು ಅದನ್ನು ಗಮನಿಸಲೇ ಇಲ್ಲ, ಏಕೆಂದರೆ ನನ್ನ ಕಣ್ಣೆಲ್ಲ ಟ್ರಂಪ್ ಮತ್ತು ಬೈಡನ್ ಮೇಲಿತ್ತು.

ಕಣದಲ್ಲಿದ್ದವರು ಇಬ್ಬರು. ಡೆಮಾಕ್ರಟಿಕ್ ಪಕ್ಷದಿಂದ ವೀಟ್‌ಲ್ಯಾಂಡ್‌ನ ರೀಟಾ ಹಾರ್ಟ್. ಶಿಕ್ಷಕಿಯಾಗಿದ್ದವರು, ಬೇಸಾಯದ ಕುಟುಂಬ, ರಾಜ್ಯ ಸೆನೆಟ್‌ನಲ್ಲಿ ಕೂತವರು. ರಿಪಬ್ಲಿಕನ್ ಪಕ್ಷದಿಂದ ಆಟಮ್ವಾದ ನೇತ್ರತಜ್ಞೆ ಮರಿಯಾನೆಟ್ ಮಿಲ್ಲರ್-ಮೀಕ್ಸ್. ಸೇನೆಯಲ್ಲಿದ್ದವರು, ಲೋಬ್‌ಸ್ಯಾಕ್ ಎದುರು ಇದೇ ಸ್ಥಾನಕ್ಕೆ ಮೂರು ಬಾರಿ ನಿಂತು ಸೋತವರು.

ಅಂಚೆ ಮತಪತ್ರ ನಮ್ಮಿಬ್ಬರಿಗೂ ಅಕ್ಟೋಬರ್‌ನಲ್ಲೇ ಬಂದಿತ್ತು. ಅಧ್ಯಕ್ಷ ಮತ್ತು ಸೆನೆಟ್ ಸಾಲುಗಳಲ್ಲಿ ಅಂಡಾಕಾರದ ಗುಳಿಯನ್ನು ಕಪ್ಪು ಪೆನ್ನಿನಿಂದ ತುಂಬಿ, ಪ್ರತಿನಿಧಿ ಸಭೆಯ ಸಾಲನ್ನು ಹಾಗೆಯೇ ಬಿಟ್ಟು, ಇವರಿಬ್ಬರ ಬಗ್ಗೆ ಓದಿಕೊಂಡು ಆಮೇಲೆ ತುಂಬೋಣವೆಂದು ಫ್ರಿಜ್ಜಿನ ಮೇಲೆ ಇಟ್ಟೆ. ಚುನಾವಣೆ ನವೆಂಬರ್ 3ರ ಮಂಗಳವಾರ. ನಾನು ಆ ಸಾಲು ತುಂಬಿ, ಪ್ರಮಾಣವಚನ ಮುದ್ರಿಸಿದ್ದ ಲಕೋಟೆಯ ಮೇಲೆ ಸಹಿ ಹಾಕಿ, ಹೆಂಡತಿಯದನ್ನೂ ಸೇರಿಸಿ ರಸ್ತೆ ಬದಿಯ ನೀಲಿ ಅಂಚೆ ಡಬ್ಬಿಗೆ ಹಾಕಿದ್ದು ಸೋಮವಾರ ಸಂಜೆ, ಕೆಲಸ ಮುಗಿಸಿದ ಮೇಲೆ. ಟಪಾಲು ತೆಗೆಯುವ ಕೊನೆಯ ವೇಳೆ 5 ಗಂಟೆ ಎಂದು ಡಬ್ಬಿಯ ಮೇಲೆ ಬಿಳಿ ಚೀಟಿ ಅಂಟಿಸಿತ್ತು. ಆ ವೇಳೆ ಮೀರಿತ್ತು. ಚೀಟಿಯನ್ನು ಓದಿಯೇ ಹಾಕಿದೆ ಎಂಬುದು ಇನ್ನೂ ಕಿರಿಕಿರಿಯ ಸಂಗತಿ.

ನನ್ನ ಲೆಕ್ಕ ಹೀಗಿತ್ತು: ಮತಪತ್ರ ಮುಂದಿನ ಸೋಮವಾರ, ನವೆಂಬರ್ 9ರ ಮಧ್ಯಾಹ್ನದೊಳಗೆ ಕೌಂಟಿಯಲ್ಲಿ ಚುನಾವಣೆ ನಡೆಸುವ ಆಡಿಟರ್ ಕಚೇರಿ ತಲುಪಿದರೆ ಸಾಕು, ಊರೊಳಗಿನ ಟಪಾಲಿಗೆ ಎರಡು ದಿನ ಧಾರಾಳ. ತಲುಪುವ ಗಡುವನ್ನು ನಾನು ಸರಿಯಾಗಿಯೇ ಓದಿದ್ದೆ. ಅದರ ಜೊತೆಗಿದ್ದ ಇನ್ನೊಂದು ಷರತ್ತನ್ನು, ಅಂದರೆ ಅಂಚೆ ಮುದ್ರೆ ಚುನಾವಣೆಯ ಹಿಂದಿನ ದಿನದೊಳಗೆ ಬಿದ್ದಿರಬೇಕು ಎಂಬುದನ್ನು, ‘ಹಿಂದಿನ ದಿನದೊಳಗೆ ಡಬ್ಬಿಗೆ ಹಾಕಬೇಕು’ ಎಂದು ಅರ್ಥ ಮಾಡಿಕೊಂಡಿದ್ದೆ. ನಾನು ಡಬ್ಬಿಗೆ ಹಾಕಿದ್ದು 2ನೇ ತಾರೀಖು, ಮುದ್ರೆ ಬಿದ್ದದ್ದು 3ನೇ ತಾರೀಖು. ಲಕೋಟೆಗಳು ಗಡುವಿಗೆ ಬಹಳ ಮುಂಚೆಯೇ ತಲುಪಿದವು, ತಲುಪಿಯೂ ತಿರಸ್ಕೃತವಾದವು. ಅದೇ ಲಕೋಟೆಗಳನ್ನು ಮಂಗಳವಾರ ರಾತ್ರಿ ಮತದಾನ ಮುಗಿಯುವುದರೊಳಗೆ ಕೈಯಾರೆ ಆಡಿಟರ್ ಕಚೇರಿಗೆ ಕೊಟ್ಟಿದ್ದರೆ ಮುದ್ರೆಯ ಪ್ರಶ್ನೆಯೇ ಏಳುತ್ತಿರಲಿಲ್ಲ, ಎಣಿಕೆಯಾಗುತ್ತಿದ್ದವು. ಮಂಗಳವಾರ ಬೆಳಿಗ್ಗೆ ಅನುಮಾನ ಬಂದಿದ್ದರೂ ಮತಗಟ್ಟೆಗೆ ಹೋಗಿ, ಅರ್ಹತೆ ಪರಿಶೀಲಿಸಿದ ಮೇಲೆ ಎಣಿಸುವ ತಾತ್ಕಾಲಿಕ ಮತಪತ್ರ ಕೇಳಬಹುದಿತ್ತು. ಅನುಮಾನ ಬರಲಿಲ್ಲ. ಪರಿಸ್ಥಿತಿ ತಿಳಿದದ್ದು ರಾಜ್ಯ ಕಾರ್ಯದರ್ಶಿಯ ಜಾಲತಾಣದಲ್ಲಿ ಮತಪತ್ರದ ಜಾಡು ಹಿಡಿದಾಗ, ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಎಣಿಕೆ. ಮೊದಲು ಮಿಲ್ಲರ್-ಮೀಕ್ಸ್ ಕೆಲವು ನೂರು ಮತಗಳಿಂದ ಮುಂದಿದ್ದರು. ಜಾಸ್ಪರ್ ಕೌಂಟಿಯಲ್ಲಿ ಅಂಕಿ ನಮೂದಿಸುವಾಗ ಆಗಿದ್ದ ತಪ್ಪು ಸರಿಪಡಿಸಿದಾಗ ಹಾರ್ಟ್ ಮುಂದಾದರು. ಲೂಕಸ್ ಕೌಂಟಿಯಲ್ಲೂ ಲೆಕ್ಕ ತಪ್ಪಿದ್ದು ಹೊರಬಿದ್ದಾಗ ಮುನ್ನಡೆ ಮತ್ತೆ ಮಿಲ್ಲರ್-ಮೀಕ್ಸ್ ಪಾಲಾಯಿತು. ಎಲ್ಲ 24 ಕೌಂಟಿಗಳಲ್ಲಿ ಮರುಎಣಿಕೆ ನಡೆದು, ನವೆಂಬರ್ 30ರಂದು ರಾಜ್ಯ ಪ್ರಮಾಣೀಕರಿಸಿದ ಅಂಕಿ: ಮಿಲ್ಲರ್-ಮೀಕ್ಸ್ ಅವರಿಗೆ 1,96,964, ಹಾರ್ಟ್ ಅವರಿಗೆ 1,96,958. ಸುಮಾರು ನಾಲ್ಕು ಲಕ್ಷ ಮತಗಳಲ್ಲಿ ಅಂತರ ಆರು. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಮತದಿಂದ ಗೆದ್ದಾಗ, ಸೋತ ಅಭ್ಯರ್ಥಿಯ ಕಾರು ಚಾಲಕನಿಗೇ ಮತ ಹಾಕಲು ಬಿಡುವಾಗಿರಲಿಲ್ಲ ಎಂಬ ಸುದ್ದಿ ಓದಿ ನಕ್ಕವನು ನಾನು. ಈ ಬಾರಿ ನಗು ಬರಲಿಲ್ಲ. ನಮ್ಮ ಎರಡು ಮತಗಳಿಂದ ಗೆಲುವು ಕೈ ಬದಲಾಗುತ್ತಿರಲಿಲ್ಲ, ಅಂತರ ನಾಲ್ಕಾಗುತ್ತಿತ್ತು ಇಲ್ಲವೇ ಎಂಟಾಗುತ್ತಿತ್ತು. ಯಾವುದೆಂದು ಇಲ್ಲಿ ಹೇಳುವುದಿಲ್ಲ. ಆದರೆ ಹಾರ್ಟ್ ಅವರು ನ್ಯಾಯವಾಗಿ ಚಲಾಯಿಸಿಯೂ ಎಣಿಕೆಯಾಗದ 22 ಮತಗಳಿವೆ ಎಂದು ಪ್ರತಿನಿಧಿ ಸಭೆಗೇ ದೂರು ಕೊಟ್ಟು, 2021ರ ಮಾರ್ಚ್ 31ರಂದು ಅದನ್ನು ಹಿಂತೆಗೆದುಕೊಳ್ಳುವವರೆಗೂ ನಾಲ್ಕು ತಿಂಗಳು ಪತ್ರಿಕೆಗಳು ಚರ್ಚಿಸಿದ್ದು ಲಕೋಟೆಗಳನ್ನೇ: ಸರಿಯಾಗಿ ಅಂಟದ ಲಕೋಟೆ, ತಪ್ಪು ಜಾಗದಲ್ಲಿ ಬಿದ್ದ ಸಹಿ. ನಮ್ಮ ಲಕೋಟೆಗಳು ಆ 22ರಲ್ಲೂ ಇರಲಿಲ್ಲ. ಅವುಗಳ ತಿರಸ್ಕಾರ ಕಾನೂನಿನ ಪ್ರಕಾರ ಸರಿಯೇ ಆಗಿತ್ತು.

ಈಗ ನಿಮ್ಮ ಪ್ರಶ್ನೆಗೆ. ‘ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ವಾದಕ್ಕಾಗಿ ಒಪ್ಪಿದರೂ ಅದರಿಂದ ಹೊರಡುವ ತೀರ್ಮಾನ ನೀವು ಅಂದುಕೊಂಡದ್ದಕ್ಕೆ ತದ್ವಿರುದ್ಧ. 2022ರಿಂದ ಅಯೋವಾದ ನಾಲ್ಕೂ ಸ್ಥಾನಗಳು ರಿಪಬ್ಲಿಕನ್ನರ ಕೈಯಲ್ಲಿವೆ, ನಿಮ್ಮ ಕ್ಷೇತ್ರವನ್ನು ಹಿನ್ಸನ್ ನಿರಾಯಾಸವಾಗಿ ಗೆದ್ದಿದ್ದಾರೆ, ಇದು ನಿಜ. ಹಾಗಾದರೆ ತೀರ್ಮಾನವಾಗುವುದು ನವೆಂಬರ್‌ನಲ್ಲಲ್ಲ, ಪಕ್ಷದ ಅಭ್ಯರ್ಥಿಯನ್ನು ಆರಿಸುವ 2026ರ ಜೂನ್ 2ರ ಪ್ರಾಥಮಿಕ ಚುನಾವಣೆಯಲ್ಲಿ. ನೀವು ಅದರ ಹೆಸರನ್ನೇ ಎತ್ತಿಲ್ಲ. ಹಾಲಿ ಸದಸ್ಯರು ನಿಂತಾಗ ಸ್ವಂತ ಪಕ್ಷದಲ್ಲಿ ಎದುರು ನಿಲ್ಲುವ ಧೈರ್ಯ ಹೆಚ್ಚಿನವರಿಗೆ ಬರುವುದಿಲ್ಲ, ಸ್ಥಾನ ತೆರವಾದಾಗ ಸಾಲುಗಟ್ಟುತ್ತಾರೆ. ಯಾರಿಗೂ ಶೇ 35ರಷ್ಟು ಮತ ಬಾರದಿದ್ದರೆ ಅಯೋವಾದಲ್ಲಿ ಅಭ್ಯರ್ಥಿಯನ್ನು ಪಕ್ಷದ ಸಮಾವೇಶ ಆರಿಸುತ್ತದೆ. 2014ರಲ್ಲಿ ಟಾಮ್ ಲೇಥಮ್ ನಿವೃತ್ತರಾಗಿ ಮೂರನೇ ಕ್ಷೇತ್ರ ತೆರವಾದಾಗ ಆರು ಮಂದಿ ರಿಪಬ್ಲಿಕನ್ನರು ನಿಂತು ಯಾರೂ ಆ ಗೆರೆ ದಾಟಲಿಲ್ಲ. ಐದನೇ ಸ್ಥಾನದಲ್ಲಿದ್ದ ಡೇವಿಡ್ ಯಂಗ್ ಅವರನ್ನು ಸಮಾವೇಶ ಆರಿಸಿತು, ಅವರೇ ವಾಷಿಂಗ್ಟನ್‌ಗೆ ಹೋದರು. ಅಂಥ ಸಮಾವೇಶದಲ್ಲಿ ಕೂರುವ ಪ್ರತಿನಿಧಿಗಳ ಆಯ್ಕೆ ಪಕ್ಷದ ಸ್ಥಳೀಯ ಬೆಂಬಲಿಗರು ಸೇರುವ ಕಾಕಸ್ ಸಭೆಗಳಿಂದಲೇ ಶುರುವಾಗುತ್ತದೆ. ನಿಮ್ಮಂಥವರು ಮನಸ್ಸು ಮಾಡಿದರೆ ಸಾಧ್ಯವಾಗುವ ಕೆಲಸ ಅದು, ಅಧ್ಯಕ್ಷೀಯ ಚುನಾವಣೆಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಜಗಳವಾಡುವುದಕ್ಕಿಂತ ಸಾವಿರ ಪಾಲು ಮೇಲು.

ಹಣ ಕೊಡಬೇಕೇ ಎಂದೂ ಕೇಳಿದ್ದೀರಿ. ಬೇಡ. ಅದು ಟಿ.ವಿ. ಜಾಹೀರಾತಿಗೆ ಹೋಗುತ್ತದೆ. ಅದರ ಬದಲು ಕೌಂಟಿ ಜಾತ್ರೆಗೋ ಗ್ರಂಥಾಲಯದ ಸಭೆಗೋ ಅಭ್ಯರ್ಥಿ ಬಂದಾಗ ಹೋಗಿ ಎದುರು ನಿಂತು ಕೇಳಿ. ಮೆಕ್ಕೆಜೋಳದಿಂದ ತೆಗೆಯುವ ಇಂಧನ ಎಥನಾಲ್ ಬಗ್ಗೆ ಎಲ್ಲರಿಗೂ ಬಾಯಿಪಾಠವಾದ ಉತ್ತರವಿರುತ್ತದೆ, ಅದನ್ನು ಬಿಡಿ. ನಮ್ಮ ಹಳೆಯ ಕ್ಷೇತ್ರದ ಕೀಯಕಕ್ ಪಟ್ಟಣದ ಆಸ್ಪತ್ರೆ 2022ರ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು. ಹಳ್ಳಿಗಾಡಿನಲ್ಲಿ ಹೆರಿಗೆಗೆ ಎಲ್ಲಿಗೆ ಹೋಗಬೇಕೆಂದು ಕೇಳಿದರೆ ಯಾರು ಯೋಚಿಸಿದ್ದಾರೆ, ಯಾರು ಯೋಚಿಸಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಅಂಚೆಯ ಸಹವಾಸ ಬೇಡ. 2021ರ ಕಾನೂನಿನ ನಂತರ ಅಂಚೆ ಮುದ್ರೆಯ ರಿಯಾಯಿತಿಯೂ ಹೋಗಿದೆ, ಚುನಾವಣೆಯ ದಿನ ರಾತ್ರಿ 8ರೊಳಗೆ ಮತಪತ್ರ ಕಚೇರಿಯಲ್ಲಿರಬೇಕು. ಅಂಚೆ ಮತಪತ್ರ ಈಗಾಗಲೇ ತರಿಸಿಕೊಂಡಿದ್ದರೆ ಅದನ್ನು ಮತಗಟ್ಟೆಯಲ್ಲಿ ಹಿಂದಿರುಗಿಸಿ ಅಲ್ಲೇ ಮತ ಹಾಕಬಹುದು. ಪ್ರಾಥಮಿಕ ಚುನಾವಣೆಗೆ ಪಕ್ಷದ ನೋಂದಣಿ ಬೇಕು, ಅದನ್ನೂ ಆ ದಿನವೇ ಮಾಡಿಸಬಹುದು. ಪಾಸ್‌ಪೋರ್ಟ್ ಅಥವಾ ಪೌರತ್ವದ ಪ್ರಮಾಣಪತ್ರ ಜೇಬಿನಲ್ಲಿರಲಿ. 2024ರಲ್ಲಿ, ಪೌರರಲ್ಲವೆಂದು ಹಿಂದೊಮ್ಮೆ ಚಾಲನಾ ಪರವಾನಗಿ ಕಚೇರಿಗೆ ಹೇಳಿದ್ದ 2,000ಕ್ಕೂ ಹೆಚ್ಚು ಜನರ ಪಟ್ಟಿಯನ್ನು ಪರಿಶೀಲನೆಗಾಗಿ ಮತಗಟ್ಟೆಗಳಿಗೆ ಕೊಟ್ಟಿದ್ದರು. ಅವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಪೌರತ್ವ ಪಡೆದವರೇ ಆಗಿದ್ದರು. ಪರವಾನಗಿ ಕಚೇರಿಯ ದಾಖಲೆಯನ್ನು ಈ ವಾರವೇ ತಿದ್ದಿಸಿ.

ನಿಮ್ಮ ಶ್ರೀಮತಿಯವರು ಇನ್ನೂ ಗ್ರೀನ್ ಕಾರ್ಡ್‌ನಲ್ಲಿದ್ದಾರೆ ಎಂದು ಬರೆದಿದ್ದೀರಿ. ಅವರು ಪ್ರಚಾರದಲ್ಲಿ ಸ್ವಯಂಸೇವಕಿಯಾಗಬಹುದು, ಇಷ್ಟವಿದ್ದರೆ ದೇಣಿಗೆಯನ್ನೂ ಕೊಡಬಹುದು. ಆದರೆ ಪರವಾನಗಿ ನವೀಕರಿಸುವಾಗ ಮತದಾರರ ನೋಂದಣಿಯ ಚೌಕದಲ್ಲಿ ಕೈತಪ್ಪಿಯೂ ಗುರುತು ಹಾಕದಿರಲಿ. ಹಾಕಿದರೆ ಪೌರತ್ವದ ಅರ್ಜಿಗೆ ಮಾತ್ರವಲ್ಲ, ಈ ದೇಶದಲ್ಲಿ ಉಳಿಯುವುದಕ್ಕೇ ಕುತ್ತು ಬರಬಹುದು.