ಪ್ಲಾಂಟೇಶನ್ ಕಾಡಲ್ಲ ಅಂತ ಹೇಳಿದ್ದು ಯಾರು?

ಪ್ರಶ್ನೆ: ಫೆಬ್ರವರಿಯಲ್ಲಿ ನಾವು ನಾಲ್ವರು ಗೆಳೆಯರು ಸಾಗರದ ಕಡೆ ಅಕೇಶಿಯಾ ಪ್ಲಾಂಟೇಶನ್‌ನಲ್ಲಿ ಒಂದು ರಾತ್ರಿ ಟೆಂಟ್ ಹಾಕಬೇಕು ಅಂತಿದ್ದೇವೆ. ಅದೇನೂ ದಟ್ಟ ಕಾಡಲ್ಲ, ಊರ ಪಕ್ಕದಲ್ಲೇ ಇದೆ, ಪೊದೆಯೂ ಇಲ್ಲ. ತೊಂದರೆ ಇಲ್ಲ ಅಲ್ವಾ?

ಉತ್ತರ: ಸಂಕ್ರಾಂತಿ ಕಳೆಯಿತು ಅಂದರೆ ಈ ‘ಅಲ್ವಾ’ ಶುರುವಾಗುತ್ತದೆ. ತೊಂದರೆ ಇದೆ. ಮರ ಸಾಲಾಗಿ ನಿಂತಿದೆ ಅಂದ ಮಾತ್ರಕ್ಕೆ ಮೀಸಲು ಅರಣ್ಯ ಯಾರದೋ ತೋಟ ಆಗುವುದಿಲ್ಲ. ಅನುಮತಿ ಇಲ್ಲದೆ ಹೊಕ್ಕರೂ, ಬೆಂಕಿ ಹಾಕಿದರೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕೇಸಾಗುತ್ತದೆ. ಗಾರ್ಡ್ ಹಿಡಿದ ಮೇಲೆ ‘ಯಾರಾದರೂ ಪರಿಚಯ ಇದ್ದಾರಾ ಸಾರ್’ ಅಂತ ನನಗೆ ಫೋನ್ ಮಾಡಬೇಡಿ.

ಕೇಸು ಹಾಗಿರಲಿ, ನನಗೆ ತಲೆಬಿಸಿ ಉಣುಗಿನದು, ಅದೇ ರಕ್ತ ಹೀರುವ ಉಣ್ಣಿಯದು. ಊರ ಪಕ್ಕ ಅನ್ನುವುದೇ ನಿಮಗೆ ಧೈರ್ಯ, ಆದರೆ ಲೆಕ್ಕ ಉಲ್ಟಾ. ಊರ ದನ ಮೇಯಲು ಬರುವುದು ಅಲ್ಲಿಗೇ. ದೊಡ್ಡ ಉಣುಗು ದನದ ರಕ್ತ ಕುಡಿದು ಕೆಳಗುದುರಿ ದರಗಿನ, ಅಂದರೆ ಒಣಗಿ ಬಿದ್ದ ಎಲೆಗಳ, ಅಡಿ ಮೊಟ್ಟೆ ಇಡುತ್ತದೆ. ಮನುಷ್ಯರಿಗೆ ಮಂಗನ ಕಾಯಿಲೆ ಅನ್ನುವ ವೈರಸ್ ಜ್ವರ ಹಚ್ಚುವುದು ಹೆಚ್ಚಾಗಿ ಮರಿ ಉಣುಗು, ಡಿಸೆಂಬರ್‌ನಿಂದ ಮೇ ತನಕ ಅದರದೇ ಕಾರುಬಾರು. ಹಿಂದೆ ಇಂಥದ್ದೇ ಒಂದು ತಂಡ ‘ಎಲ್ಲಿದೆ ತೋರಿಸಿ’ ಅಂತ ವಾದಕ್ಕೆ ನಿಂತಿತು. ನನ್ನ ಬಿಳಿ ಪಂಚೆಯನ್ನು ಅವರ ಟೆಂಟ್ ಪಕ್ಕದ ದರಗಿನ ಮೇಲೆ ಹತ್ತು ಹೆಜ್ಜೆ ಎಳೆದು ಮಗುಚಿ ಹಿಡಿದೆ. ಕಾಳುಮೆಣಸಿನ ಪುಡಿ ಉದುರಿದ ಹಾಗೆ ಚುಕ್ಕಿಗಳು. ಸ್ವಲ್ಪ ಹೊತ್ತಿಗೆ ಆ ಪುಡಿ ನಡೆಯತೊಡಗಿತು. ಅವರು ಟೆಂಟ್ ಮಡಚಿದ ಸ್ಪೀಡ್ ನೋಡಬೇಕಿತ್ತು!

1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಕಾಯಿಲೆ ಇದು. 2019ರಲ್ಲಿ ಇದೇ ಕಾಯಿಲೆಗೆ ಜನ ಸತ್ತ ಸಾಗರ ತಾಲೂಕಿನ ಅರಳಗೋಡಿನವರನ್ನು ಕೇಳಿ. ಇದ್ದ ಲಸಿಕೆಯನ್ನೂ ನಿಲ್ಲಿಸಿದ್ದಾರೆ, ವೈರಸ್ ಕೊಲ್ಲುವ ಔಷಧಿ ಇಲ್ಲ. ಮೂರು ದಿನ ಕಷಾಯ ಕುಡಿದರೆ ಉಣುಗು ಹತ್ತುವುದಿಲ್ಲ ಅನ್ನುವ ಪಂಡಿತರಿಗೆ ಮಾತ್ರ ಬರ ಇಲ್ಲ. ಮೊದಲು ಅವರೇ ದರಗಿನ ಮೇಲೆ ಮಲಗಿ ತೋರಿಸಲಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಒಳ್ಳೆಯದೇ, ಆದರೆ ಅದು ಸೊಪ್ಪು, ಸೌದೆಗೆ ಹೋಗಲೇಬೇಕಾದವರಿಗೆ. ಅದನ್ನು ಹಚ್ಚಿಕೊಂಡು ರಾತ್ರಿಯಿಡೀ ಮಲಗಬಹುದು ಅಂತಲ್ಲ.

ಟೆಂಟ್ ಆಸೆ ತೀರಲೇಬೇಕಾ? ಗೊತ್ತಿದ್ದವರ ಮನೆಯ ಗುಡಿಸಿದ ಅಂಗಳದಲ್ಲಿ ಹಾಕಿ. ಮಾತು ಕೇಳದೆ ಹೋಗಿಬಂದು ವಾರ, ಹತ್ತು ದಿನದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಕಾಡಿನಲ್ಲಿ ಮಲಗಿದ್ದೆ ಅಂತ. ಮನೆಯವರಿಗೆ ಗೊತ್ತಾಗುತ್ತದೆ ಅಂತ ಮುಚ್ಚಿಡುವವರಿದ್ದಾರೆ, ಏನು ಹೇಳುವುದು. ಜ್ವರ ಬಿಟ್ಟಿತು ಅಂತಲೂ ಸುಮ್ಮನಾಗಬೇಡಿ, ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ತಿರುಗುತ್ತದೆ.

ಪ್ರಶ್ನೆ: ಟೆಂಟ್ ಸುತ್ತ ಬೆಳ್ಳುಳ್ಳಿ ನೀರು ಹಾಕಿದರೆ ಹಾವು ಬರುವುದಿಲ್ಲವಂತೆ?

ಉತ್ತರ: ಬರುತ್ತದೆ. ಬೆಳ್ಳುಳ್ಳಿ ಒಗ್ಗರಣೆಗೆ ಇರಲಿ, ಟೆಂಟಿನ ಜಿಪ್ ಹಾಕಿ.

ಪ್ರಶ್ನೆ: ಚಿಕ್ಕದೊಂದು ಕ್ಯಾಂಪ್‌ಫೈರ್ ಮಾಡಬಹುದಾ?

ಉತ್ತರ: ಒಣಗಿದ ಅಕೇಶಿಯಾ ದರಗಿನ ಮೇಲಾ? ಮುಂದಿನ ಪ್ರಶ್ನೆ.

ಪ್ರಶ್ನೆ: ಕಚ್ಚಿ ಹಿಡಿದ ಉಣುಗಿಗೆ ಸೀಮೆಎಣ್ಣೆ ಹಾಕಬೇಕಾ, ಬೀಡಿ ಬೆಂಕಿ ಮುಟ್ಟಿಸಬೇಕಾ?

ಉತ್ತರ: ಎರಡೂ ಬೇಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನಿಧಾನಕ್ಕೆ ನೇರ ಎಳೆಯಿರಿ, ಸೋಪು ಹಾಕಿ ತೊಳೆಯಿರಿ. ಕಿತ್ತ ಉಣುಗನ್ನು ಉಗುರಲ್ಲಿ ಕುಕ್ಕಬೇಡಿ.