ಉತ್ತರ: 2147483647 ಅವಿಭಾಜ್ಯ (1 ಮತ್ತು ತನ್ನಿಂದ ಮಾತ್ರ ಭಾಗವಾಗೋ ಸಂಖ್ಯೆ) ಅಂತ ಗಣಿತಜ್ಞ ಆಯ್ಲರ್‌ಗೆ ಹೇಗೆ ಗೊತ್ತಾಯ್ತು?

ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡೋದಾದ್ರೆ ಸಾವಿರಾರು ಭಾಗಾಕಾರ ಬೇಕು ಅನ್ನೋ ನಿಮ್ಮ ಲೆಕ್ಕ ಸರಿ. 2147483647ರ (2ರ 31ನೇ ಘಾತಕ್ಕೆ ಒಂದು ಕಮ್ಮಿ) ವರ್ಗಮೂಲ ಸುಮಾರು 46,340. ಅಲ್ಲಿವರೆಗೆ 4,792 ಅವಿಭಾಜ್ಯಗಳಿವೆ. ಅಷ್ಟರಿಂದಲೂ ಕೈಯಲ್ಲೇ ಭಾಗಿಸೋದು ಅಂದ್ರೆ ತಲೆ ಕೆಟ್ಟು ಹೋಗುತ್ತೆ! 1772ರಲ್ಲಿ ಆಯ್ಲರ್ ಹಿಡಿದ ದಾರಿಯೇ ಬೇರೆ.

ಈ ಸಂಖ್ಯೆಗೊಂದು ಅವಿಭಾಜ್ಯ ಅಪವರ್ತನ (ಅದನ್ನು ಶೇಷವಿಲ್ಲದೆ ಭಾಗಿಸೋ ಅವಿಭಾಜ್ಯ) ಇದ್ದರೆ, ಅದನ್ನು 62ರಿಂದ ಭಾಗಿಸಿದಾಗ ಶೇಷ 1, 8ರಿಂದ ಭಾಗಿಸಿದಾಗ 1 ಅಥವಾ 7 ಬರಲೇಬೇಕು. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63.

ಈ ಜರಡಿಯಲ್ಲಿ ಮೊದಲು ಉಳಿಯೋ ಅವಿಭಾಜ್ಯ 311. ನೀವೇ ಭಾಗಿಸಿ ನೋಡಿ, ಶೇಷ 35. ಅದಾದ ಮೇಲೆ ನೇರ 1303! ನಡುವೆ ಬರೋ 497, 559 ಮುಂತಾದವು ಅವಿಭಾಜ್ಯಗಳೇ ಅಲ್ಲ (497 ಅಂದ್ರೆ 7×71). ಹೀಗೆ ನೂರಕ್ಕೂ ಕಡಿಮೆ ಭಾಗಾಕಾರದಲ್ಲಿ ಕೆಲಸ ಮುಗಿಯುತ್ತೆ.