ಸಂಪಾದಕರ ಉತ್ತರ: ಹಪ್ಪಳ ಹಾಕುವ ಕಾಲದಲ್ಲಿ ಬ್ರಿಜ್ ಕೋರ್ಸು

ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದಾಳೆ. ಜೂನ್‌ಗೆ ಶಿವಮೊಗ್ಗದಲ್ಲಿ ಹಾಸ್ಟೆಲ್, ಪಿಯುಸಿ ವಿಜ್ಞಾನ. ಅಲ್ಲಿಯವರೆಗೆ ಘಟ್ಟದ ಕೆಳಗೆ, ಪಿಯುಸಿ ಪಾಠವನ್ನು ಮೊದಲೇ ಹೇಳಿಕೊಡುವ ವಸತಿ ಸಮೇತದ ಬ್ರಿಜ್ ಕೋರ್ಸಿಗೆ ಕಳಿಸಬೇಕೆಂದು ಅಪ್ಪ ಅಡಿಕೆ ಮಾರಿದ ದುಡ್ಡು ತೆಗೆದಿಟ್ಟಿದ್ದಾರೆ. ಅವಳಿಗೆ ಮನೆಯಲ್ಲೇ ಇರುವ ಆಸೆ. "ಅಜ್ಜಿ ಜೊತೆ ಹಲಸಿನ ಹಪ್ಪಳ ಹಾಕ್ತಾ ಕೂತ್ರೆ ರಜೆ ದಂಡ ಆಗುತ್ತಾ? ಎಲ್ಲರೂ ಮುಂದೆ ಹೋಗಿ ನಾನೊಬ್ಬಳೇ ಹಿಂದೆ ಉಳೀತೀನಾ?" ಎಂದು ಕೇಳಿದ್ದಾಳೆ. ಅಜ್ಜಿಯ ತವರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು ಅನ್ನುವುದೂ, ಗಣಿತ ಕೆಟ್ಟಿದೆ, ಫೇಲಾದರೆ ಗಾರ್ಮೆಂಟ್ಸಿಗೆ ಹೋಗಿಬಿಡುತ್ತೇನೆ ಎನ್ನುತ್ತಿರುವ ಗೆಳತಿಯೊಬ್ಬಳ ವಿಷಯವೂ ಪತ್ರದಲ್ಲಿ ಬಂದಿವೆ.

ತಂಗೀ,

ಹೋಗಬೇಡ, ಮನೆಯಲ್ಲೇ ಇರು. ಅಪ್ಪನಿಗೂ ಈ ಪುಟ ತೋರಿಸು, ಅವರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಅಪ್ಪನ ಭಯ ಸುಳ್ಳಲ್ಲ. ಕನ್ನಡದಲ್ಲಿ ವಿಜ್ಞಾನ ಓದಿದ ಮಕ್ಕಳು ಮೊದಲ ಪಿಯುಸಿಯಲ್ಲಿ ತಡವರಿಸುವುದನ್ನು ನಮ್ಮ ಕಡೆ ನೋಡದವರಿಲ್ಲ. ನಾನೂ ತೀರ್ಥಹಳ್ಳಿ ಕಡೆಯ ಹಳ್ಳಿ ಶಾಲೆಯಿಂದ ಹಾಗೇ ಹೋದವಳು. ಭೌತಶಾಸ್ತ್ರದ ಮೇಷ್ಟ್ರು "ಫ್ರಿಕ್ಷನ್" ಎಂದಾಗಲೆಲ್ಲ ತಲೆ ತಗ್ಗಿಸಿ ಕೂರುತ್ತಿದ್ದೆ. ಮೂರು ವಾರ ಕಳೆದ ಮೇಲೆ, ಬೆಂಚಿನ ಮೇಲೆ ಡಸ್ಟರ್ ಎಳೆದು ತೋರಿಸಿದಾಗ, ಅಯ್ಯೋ ಇದು ಘರ್ಷಣೆ ಅಲ್ಲವಾ ಎಂದು ಗೊತ್ತಾಯಿತು. ಘರ್ಷಣೆಯ ಪಾಠ ನನಗೆ ಬಾಯಿಗೆ ಬರುತ್ತಿತ್ತು. ವಿಷಯ ತಿಳಿದಿದ್ದೂ ಮಾತು ತಿಳಿಯದೆ ಮೂರು ವಾರ ಅತ್ತಿದ್ದೇನೆ.

ಆದ್ದರಿಂದ ಈ ಒಂದು ಓದಿನ ಕೆಲಸವನ್ನು ಖಂಡಿತ ಮಾಡು. ನಿನ್ನ ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳನ್ನು ಗುಜರಿಗೆ ಹಾಕಬೇಡ. ಅವೇ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿಯನ್ನು ಯಾರ ಹತ್ತಿರವಾದರೂ ಕೇಳಿ ತಗೋ. ಪಾಠವೂ ಅದೇ, ಚಿತ್ರವೂ ಅದೇ, ಲೆಕ್ಕವೂ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಗೊತ್ತಿರುವ ಪಾಠವನ್ನೇ ಇನ್ನೊಂದು ಭಾಷೆಯಲ್ಲಿ ಗಟ್ಟಿಯಾಗಿ ಓದು. ವಕ್ರೀಭವನದ ಎದುರು ರಿಫ್ರ್ಯಾಕ್ಷನ್, ವರ್ಗ ಸಮೀಕರಣದ ಎದುರು ಕ್ವಾಡ್ರಾಟಿಕ್ ಈಕ್ವೇಷನ್, ದ್ಯುತಿಸಂಶ್ಲೇಷಣೆಯ ಎದುರು ಫೋಟೋಸಿಂಥೆಸಿಸ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗು. ಬೆಳಿಗ್ಗೆ ಒಂದು ಗಂಟೆ ಸಾಕು. ಬ್ರಿಜ್ ಕೋರ್ಸಿನಲ್ಲಿ ಓಡಿಸುವ ಮೊದಲ ಪಿಯುಸಿ ಪಾಠವನ್ನು ಜೂನ್‌ನಲ್ಲಿ ಕಾಲೇಜಿನಲ್ಲಿ ಮೊದಲಿನಿಂದ ಹೇಳಿಕೊಡುತ್ತಾರೆ. ಆಗಲೂ ಕಷ್ಟವಾದರೆ ಟ್ಯೂಷನ್‌ಗೆ ಹಾಕಲಿ, ಅಪ್ಪ ತೆಗೆದಿಟ್ಟ ದುಡ್ಡು ಎಲ್ಲಿಗೂ ಹೋಗಿರುವುದಿಲ್ಲ.

ಮನೆಯಲ್ಲೇ ಇರು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮುಂದಿನ ವರ್ಷ ಈ ಹೊತ್ತಿಗೆ ಎರಡನೇ ಪಿಯುಸಿಯ ಪಾಠ ಶುರುವಾಗಿರುತ್ತದೆ, ಎಷ್ಟೋ ಕಾಲೇಜುಗಳು ಬೇಸಿಗೆ ರಜೆಯನ್ನೇ ಕೊಡುವುದಿಲ್ಲ. ಅದರ ಮುಂದಿನ ವರ್ಷ ಏಪ್ರಿಲ್‌ನಲ್ಲಿ ಸಿಇಟಿ, ಮೇ ತಿಂಗಳಲ್ಲಿ ನೀಟ್, ಆಮೇಲೆ ಕೌನ್ಸೆಲಿಂಗ್. ದಸರಾಕ್ಕೆ, ದೀಪಾವಳಿಗೆ ಬಂದೇ ಬರುತ್ತೀಯ, ಆದರೆ ಬ್ಯಾಗು ಬಿಚ್ಚುವ ಮೊದಲೇ ಹೊರಡುವ ಬಸ್ಸಿನ ಲೆಕ್ಕ ಹಾಕುವ ನೆಂಟಳಾಗಿ. ಹಲಸಿನ ಕಾಯಿ ದಸರಾದಲ್ಲಿ ಬಿಡುವುದಿಲ್ಲ.

ಹಪ್ಪಳ ಹಾಕುತ್ತಾ ಕೂತರೆ ದಂಡವಾ ಎಂದು ಕೇಳಿದ್ದೀಯಲ್ಲ, ಅದು ನೀನು ಹೇಗೆ ಕೂರುತ್ತೀಯ ಅನ್ನುವುದರ ಮೇಲಿದೆ. ಅಜ್ಜಿ ಕಟ್ಟಿಕೊಟ್ಟ ಉಂಡೆಯನ್ನು ಮಣೆಯ ಮೇಲಿಟ್ಟು ಒತ್ತುವುದನ್ನು ಆರು ವರ್ಷದ ಮಗುವೂ ಮಾಡುತ್ತದೆ. ಈ ಸಲ ಒಂದು ದಿನದ ಹಪ್ಪಳ ಪೂರ್ತಿ ನನ್ನದು ಎಂದು ಕೇಳಿ ಹಟ ಹಿಡಿದು ತಗೋ. ಯಾವ ಮರದ ಯಾವ ಕಾಯಿ ಅನ್ನುವುದರಿಂದ ನೀನೇ ತೀರ್ಮಾನಿಸು. ಕಾಯಿ ಬಲಿತಿರಬೇಕು, ಹಣ್ಣಿನ ಕಡೆ ವಾಲಿರಬಾರದು. ಸಿಹಿ ಏರಿದ ತೊಳೆಯ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗುತ್ತದೆ. ನನ್ನಜ್ಜಿ ಕಾಯಿಯನ್ನು ಬೆರಳಗೆಣ್ಣಿನಿಂದ ಬಡಿದು, ಕಿವಿ ಹತ್ತಿರ ತಂದು, "ಇನ್ನೂ ನಾಲ್ಕು ದಿನ" ಎನ್ನುತ್ತಿದ್ದಳು. ಆ ಸದ್ದು ಹೇಗಿರುತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ, ಪಕ್ಕದಲ್ಲೇ ನಿಂತಿದ್ದರೂ ನಾನು ಒಮ್ಮೆಯೂ ಬಡಿದು ನೋಡಲಿಲ್ಲ.

ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ತೊಳೆ ಬಿಡಿಸು, ಇಲ್ಲದಿದ್ದರೆ ಮೇಣ ಸಂಜೆವರೆಗೂ ಬಿಡುವುದಿಲ್ಲ. ಬೇಯಿಸಿದ ತೊಳೆಯನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಹಿಟ್ಟು ಕೂಡುವುದಿಲ್ಲ, ಒತ್ತಿದಾಗ ಅಂಚು ಒಡೆಯುತ್ತದೆ. ಉಪ್ಪು ಹಿಟ್ಟಿನಲ್ಲಿ ಸ್ವಲ್ಪ ಕಡಿಮೆ ಎನ್ನಿಸಬೇಕು, ಒಣಗಿ ನೀರು ಹೋದ ಮೇಲೆ ಅದೇ ಸರಿಯಾಗುತ್ತದೆ. ಮತ್ತೆ ಮಳೆಯ ಲೆಕ್ಕ. ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಹೊತ್ತಿಗೆ ರೋಹಿಣಿ. ಬೆಳಿಗ್ಗೆಯೆಲ್ಲ ಸುಡುವ ಬಿಸಿಲು, ಮೂರು ಗಂಟೆಗೆ ಎಲ್ಲಿಂದಲೋ ಮೋಡ. ಚಾಪೆ ಎತ್ತಬೇಕೋ ಇನ್ನರ್ಧ ಗಂಟೆ ಬಿಡಬೇಕೋ ಎಂದು ಅಂಗಳದಲ್ಲಿ ನಿಂತು ನೋಡಿ ಹೇಳುವವಳು ನೀನಾಗು. ತಪ್ಪಿ ಒಂದು ಚಾಪೆ ನೆನೆದರೆ ಅಜ್ಜಿ ಬೈಯಲಿ. ಎಲ್ಲಿ ತಪ್ಪಿತು ಎಂದು ಹುಡುಕಿ ಮರುದಿನ ಸರಿಮಾಡುವವಳಿಗೆ ಕಾಲೇಜಿನ ಲ್ಯಾಬ್ ಹೊಸದಾಗಿ ಕಾಣುವುದಿಲ್ಲ.

ಅಜ್ಜಿಯ ತವರಿನ ಮಾತನ್ನು ನೀನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ನಾನು ಅಲ್ಲೇ ನಿಂತೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈಗ ನಿನ್ನ ಅಜ್ಜಿಯ ವಯಸ್ಸಿನಲ್ಲಿರುವವರು ಆಗ ಮಕ್ಕಳು. ಗದ್ದೆ, ತೋಟ, ದೇವರ ಬನ ಬಿಟ್ಟು ಲಾರಿ ಹತ್ತಿದ್ದನ್ನು ಕಣ್ಣಾರೆ ಕಂಡವರು ಇನ್ನು ಬಹಳ ಮಂದಿ ಉಳಿದಿಲ್ಲ. ಆ ನೀರಿನಿಂದ ನಾಡಿಗೆಲ್ಲ ಕರೆಂಟು ಹೋಯಿತು, ಮುಳುಗಡೆಯವರಲ್ಲಿ ಎಷ್ಟೋ ಜನ ಜಮೀನಿನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುತ್ತಿದ್ದಾರೆ. ಹಿನ್ನೀರು ಇಳಿಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಕಪ್ಪಾದ ಮರದ ಬೊಡ್ಡೆಗಳು ಆಗ ಮೇಲೆ ಕಾಣುತ್ತವೆ. ಮಳೆಗಾಲ ಹಿಡಿದರೆ ಮತ್ತೆ ನೀರು. ಅಜ್ಜಿಗೆ ಮನಸ್ಸಿದ್ದರೆ ಅಪ್ಪನನ್ನು ಕರೆದುಕೊಂಡು ಮೂವರೂ ಒಂದು ಬೆಳಿಗ್ಗೆ ದಡದವರೆಗೆ ಹೋಗಿಬನ್ನಿ. ಕೆಸರು ಹೂತುಕೊಳ್ಳುತ್ತದೆ, ಕೆಳಗಿಳಿಯಬೇಡಿ. ಅಜ್ಜಿ ಎಲ್ಲಿ ಕೈ ತೋರಿಸುತ್ತಾಳೆ, ಯಾವ ಮನೆಯವರ ಹೆಸರು ಹೇಳುತ್ತಾಳೆ, ಬಂದ ಮೇಲೆ ಬರೆದಿಡು. ಮಾತಾಡದೆ ನಿಂತರೆ ಕೆದಕಬೇಡ. ಬರೆದದ್ದನ್ನು ನಮಗೆ ಕಳಿಸು ಎಂದು ಕೇಳುತ್ತಿಲ್ಲ, ಅದು ನಿಮ್ಮ ಮನೆಯದು.

ಇನ್ನು ಕಾಗದಪತ್ರದ ಕೆಲಸ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಪ್ಪನೊಬ್ಬರೇ ಹೋಗುವುದು ಬೇಡ, ನೀನೂ ಹೋಗು, ಅರ್ಜಿ ನೀನೇ ತುಂಬು. ಆಧಾರ್‌ನಲ್ಲಿರುವ ಹೆಸರು ಶಾಲೆಯ ದಾಖಲೆಯಲ್ಲಿ ಇರುವಂತೆಯೇ ಇದೆಯಾ ನೋಡು. ಒಂದಕ್ಷರ ಬೇರೆಯಿದ್ದರೂ ಸ್ಕಾಲರ್‌ಶಿಪ್ ಹೊತ್ತಿಗೆ ತೊಡಕು. ನಿನ್ನ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ. ಶಿವಮೊಗ್ಗಕ್ಕೆ ಒಂದು ಸಲ ಅಮ್ಮನನ್ನು ಕೂರಿಸಿಕೊಂಡು ನೀನೇ ದಾರಿ ನೋಡಿಕೊಂಡು ಹೋಗಿಬಾ. ಶಕ್ತಿ ಯೋಜನೆ ಬಂದಿರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ನಿಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಸೇರಿಸಿಕೋ.

ಕೊನೆಗೆ ನಿನ್ನ ಗೆಳತಿಯ ವಿಷಯ. ಪತ್ರದ ತುದಿಯಲ್ಲಿ ಬರೆದಿದ್ದರೂ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳವಾದದ್ದು ಅದೇ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದೆ. ಗಣಿತ ಒಂದು ಹೋದರೆ ಗಣಿತ ಒಂದನ್ನೇ ಬರೆದರಾಯಿತು, ಉಳಿದ ಅಂಕ ಹಾಗೇ ಇರುತ್ತದೆ. ಮೊದಲ ಪರೀಕ್ಷೆಯ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಎರಡನೇ ಪರೀಕ್ಷೆ ಬರುತ್ತದೆ, ಪಾಸಾದರೆ ಈ ವರ್ಷವೇ ಕಾಲೇಜು ಸೇರಬಹುದು. ಆದರೆ ಅರ್ಜಿಗೆ ಕೊಡುವ ದಿನ ಬಹಳ ಕಡಿಮೆ. ಮುಖ ತೋರಿಸಲಾರದೆ ಮನೆಯೊಳಗೆ ಕೂತ ಎಷ್ಟೋ ಮಕ್ಕಳಿಗೆ ಆ ದಿನ ದಾಟಿಹೋದದ್ದೇ ತಿಳಿಯುವುದಿಲ್ಲ. ಒಮ್ಮೆ ಸಂಬಳ ಕೈಗೆ ಬಂದ ಮೇಲೆ ಮನೆಯವರೂ ಮತ್ತೆ ಪರೀಕ್ಷೆಯ ಮಾತು ಎತ್ತುವುದಿಲ್ಲ.

ಈಗಿನಿಂದಲೇ ಸಂಜೆ ಒಂದು ಗಂಟೆ ಅವಳನ್ನು ನಿಮ್ಮ ಜಗಲಿಗೆ ಕರೆ. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ, ಇವೆರಡನ್ನು ಮೊದಲು ಹಿಡಿಯಿರಿ, ಅಭ್ಯಾಸದಿಂದ ಬರುವ ಪಾಠಗಳು ಅವು. ಪಾಸಾಗಿದ್ದರೆ ಆ ಲೆಕ್ಕ ಕಾಲೇಜಿಗೆ ಬಂತು. ಇಲ್ಲವಾದರೆ ಫಲಿತಾಂಶದ ದಿನ ಫೋನ್ ಮಾಡಬೇಡ, ಮನೆಗೇ ಹೋಗು. ಹೋಗುವ ಮೊದಲು ಹೈಸ್ಕೂಲಿಗೆ ಹೋಗಿ ಅರ್ಜಿಯ ಕೊನೆಯ ದಿನಾಂಕ ಕೇಳಿ ಒಂದು ಚೀಟಿಯಲ್ಲಿ ಬರೆದುಕೋ. ಆ ಚೀಟಿಯನ್ನು ಅವಳ ಕೈಗಲ್ಲ, ಅವಳಮ್ಮನ ಕೈಗೆ ಕೊಡು.